ಕೊಟ್ಟಿಗೆಯಲ್ಲಿ ಕಟ್ಟಿದ ದೋಣಿ

ಎತ್ತು ನೋಡುವವನ ಕೈಲಿ ದೋಣಿ ಆಯ್ಕೆ ಮಾಡಿಸಿದರು ಎಂದರೆ ಈಗಿನವರು ನಗುತ್ತಾರೆ. ನಗಲಿ, ನನಗೇನು. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಚನ್ನರಾಯಪಟ್ಟಣದ ಯಾವ ಮನೆಗೆ ಏನು ಬರಬೇಕಾದರೂ, ಎತ್ತಾಗಲಿ, ಗಾಡಿಯಾಗಲಿ, ಹೊಲಿಗೆ ಮಿಷನ್ನಾಗಲಿ, ನಮ್ಮ ತಾತ ಚನ್ನಬಸವಯ್ಯ ಒಂದು ಸಲ ಕೈಯಾಡಿಸಿ ‘ಹೂಂ’ ಅನ್ನಬೇಕಿತ್ತು. ಯಾರೋ ಗೊತ್ತು ಮಾಡಿದ ಅಳಿಯನನ್ನೂ ಕರೆತಂದು ತೋರಿಸಿದ್ದರಂತೆ. ತಾತ ಅವನ ಹಲ್ಲು ಬಿಡಿಸಿ ನೋಡಲಿಲ್ಲ ಎಂಬುದಷ್ಟೇ ಪುಣ್ಯ.

ಹಾಗಾಗಿ ನಮ್ಮ ಹೈಸ್ಕೂಲಿನಲ್ಲಿ ಸ್ಕೌಟ್ ದಳ ನಡೆಸುತ್ತಿದ್ದ ಈಶ್ವರಯ್ಯ ಮೇಷ್ಟ್ರು ಮಕ್ಕಳಿಗೊಂದು ಹಾಯಿದೋಣಿ ತರಬೇಕೆಂದು ಊರಿನ ಹಿರಿಯರ ಮುಂದೆ ನಿಂತಾಗ ಅವರೆಲ್ಲ ಒಂದೇ ಮಾತು ಹೇಳಿದರು. “ಚನ್ನಬಸವಯ್ಯ ನೋಡ್ಲಿ ಸಾ. ಅವ್ನು ಹೂಂ ಅಂದ್ರೆ ತಕ್ಕಂಬನ್ನಿ.” ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಯಲ್ಲಿ ನೌಕಾಪಡೆಯಲ್ಲಿದ್ದವರು. “ನಾನು ಸಮುದ್ರ ನೋಡಿದೋನು ಕಣ್ರಯ್ಯಾ. ಆ ಯಜಮಾನರು ಹೇಮಾವತಿಯನ್ನೂ ಸೇತುವೆ ಮೇಲೆ ಕಣ್ಣು ಮುಚ್ಕೊಂಡು ದಾಟೋರು. ಅವರು ದೋಣಿ ಆರಿಸಬೇಕಂತೆ!” ಎಂದು ನಮ್ಮ ತರಗತಿಗೆ ಬಂದು ಗೊಣಗಿದರು. ಯಜಮಾನರ ಮೊಮ್ಮಗಳು ನೀಲಾಂಬಿಕೆ ಎರಡನೇ ಬೆಂಚಿನಲ್ಲೇ ಕೂತಿದ್ದಾಳೆಂಬುದು ಅವರಿಗೆ ಆಮೇಲೆ ನೆನಪಾಯಿತು. ಆ ನೀಲಾಂಬಿಕೆ ನಾನೇ. ಆಗ ನನಗೆ ಹದಿಮೂರು.

ಬೆಂಗಳೂರಿನ ಒಂದು ದೋಣಿ ಕ್ಲಬ್ಬಿನಲ್ಲಿ ಎರಡು ಹಳೆಯ ದೋಣಿಗಳು ಮಾರಾಟಕ್ಕಿದ್ದವು. ಒಂದು ಅಗಲವಾದದ್ದು, ಐದು ಜನ ಕೂರಬಹುದು, ಏನು ಮಾಡಿದರೂ ಮಗುಚುವುದಿಲ್ಲ. ಇನ್ನೊಂದು ಪಂದ್ಯಕ್ಕೆಂದೇ ಮಾಡಿದ್ದು. ಕಿರಿದು, ಹಗುರ, ಇಬ್ಬರಿಗೆ ಮಾತ್ರ ಜಾಗ. ಗಾಳಿ ಸಿಕ್ಕಿದರೆ ಹಾರುತ್ತದೆ, ಕೈ ತಪ್ಪಿದರೆ ಬುಡಮೇಲಾಗುತ್ತದೆ. ಮೇಷ್ಟ್ರು ಕರಿಹಲಗೆಯ ಮೇಲೆ ಎರಡನ್ನೂ ಬರೆದು ತೋರಿಸಿ ಹೇಳಿದರು: “ದೊಡ್ಡದು ಬಂದ್ರೆ ಸ್ಕೌಟಿನ ಐದು ಜನ ಹುಡುಗರು. ಚಿಕ್ಕದು ಬಂದ್ರೆ ಹಗುರವಾದ ಮಕ್ಕಳೇ ಬೇಕು. ಚುಕ್ಕಾಣಿಗೆ ತಮ್ಮಯ್ಯ. ಮುಂದಿನ ಹಾಯಿಯ ಹಗ್ಗ ಹಿಡಿಯೋಕೆ ನೀಲಾಂಬಿಕೆ. ಈಜು ಬರುತ್ತೆ, ಮೈಯಲ್ಲಿ ತೂಕ ಇಲ್ಲ.” ಸ್ಕೌಟಿನ ಪುಸ್ತಕದಲ್ಲಿ ಹುಡುಗಿಯರಿಲ್ಲವಲ್ಲ ಸಾರ್ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. “ಕೆರೆಗೆ ಓದೋಕೆ ಬರಲ್ಲ, ಸುಮ್ಮನೆ ಕೂತ್ಕೊಳಯ್ಯಾ” ಎಂದರು ಮೇಷ್ಟ್ರು.

ಆ ಒಂದು ಮಾತನ್ನು ಹಿಡಿದುಕೊಂಡು ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ. ಚಿಕ್ಕದು ಬಂದರೆ ನಾನು ನೀರಿನ ಮೇಲೆ, ದೊಡ್ಡದು ಬಂದರೆ ಏರಿಯ ಮೇಲೆ. ಸಂಜೆ ಶಾಲೆ ಬಿಟ್ಟ ಮೇಲೆ ಕೆರೆ ಏರಿಯಲ್ಲಿ ನಿಲ್ಲುತ್ತಿದ್ದೆ. ಆ ವರ್ಷ ಮುಂಗಾರು ಬೇಗ ಬಂದು ಕೆರೆ ಮುಕ್ಕಾಲು ತುಂಬಿತ್ತು. ತಮ್ಮಯ್ಯನೂ ಬರುತ್ತಿದ್ದ. ಅವನಪ್ಪ ಲಕ್ಕಯ್ಯ ಕೆರೆಯ ನೀರುಗಂಟಿ, ಯಾವ ಗದ್ದೆಗೆ ಎಷ್ಟು ನೀರು ಎಂದು ತೂಬು ಎತ್ತಿ ಇಳಿಸುವವನು. ಹೀಗಾಗಿ ತಮ್ಮಯ್ಯನಿಗೆ ಕೆರೆಯ ಒಂದೊಂದು ಮೊಳವೂ ಗೊತ್ತು. “ಗಾಳಿಗೂ ದಾರಿ ಅದೆ ಕಣಮ್ಮೀ” ಎಂದು ಕೈ ಚಾಚಿ ತೋರಿಸುತ್ತಿದ್ದ. “ಅಗೋ, ನೀರು ಕಪ್ಪಾಯ್ತಲ್ಲ, ಅಲ್ಲಿ ಬತ್ತಾ ಅದೆ ನೋಡು.” ನೀರಿನ ಮೇಲೆ ಕಪ್ಪು ನೆರಳೊಂದು ನಮ್ಮ ಕಡೆಗೆ ಓಡಿ ಬರುತ್ತಿತ್ತು. ಅದು ದಡ ಮುಟ್ಟುವ ಹೊತ್ತಿಗೆ ನನ್ನ ಲಂಗ ಪಟಪಟ ಬಡಿಯುತ್ತಿತ್ತು.

ಇನ್ನು ಒಂದು ಗುಟ್ಟು ಹೇಳಬೇಕು. ತಾತನಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಪೊರೆ ಬೆಳೆದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು. ಇದು ಗೊತ್ತಿದ್ದವಳು ನಾನೊಬ್ಬಳೇ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ತಾತ ಅದನ್ನೇ ನಮ್ಮಿಬ್ಬರ ಭಾಷೆ ಮಾಡಿಕೊಂಡ. ಮೊಮ್ಮಗಳ ಮೇಲೆ ಮುದ್ದು ಎನ್ನುವ ಹಾಗೆ ನನ್ನ ಕೈಯನ್ನು ತನ್ನ ಟವೆಲ್ಲಿನೊಳಗೆ ಇಟ್ಟುಕೊಳ್ಳುವನು. ನಾನು ಎತ್ತಿನ ಸುಳಿ, ಗೊರಸು, ಕಣ್ಣು ನೋಡಿ ಬರಬೇಕು. ಸರಿಯಿದ್ದರೆ ಅವನ ತೋರುಬೆರಳು ಅಮುಕಬೇಕು, ಊನವಿದ್ದರೆ ಕಿರುಬೆರಳು. ಮಿಕ್ಕಿದ್ದು ಅವನ ಅಂಗೈಗೆ ಗೊತ್ತಾಗುತ್ತಿತ್ತು. ಎರಡು ವರ್ಷದಲ್ಲಿ ಒಂದು ಸಲವೂ ನಾವು ತಪ್ಪಲಿಲ್ಲ.

ಹಿರೀಸಾವೆಯ ದನದ ವ್ಯಾಪಾರಿ ರುದ್ರಯ್ಯನಿಗೆ ಮಾತ್ರ ಏನೋ ಅನುಮಾನ. “ಏನ್ ಯಜಮಾನ್ರೇ, ಮೊಮ್ಮಗಳ್ನ ಬಾಲ ಕಟ್ಕಂಡಂಗೆ ಕಟ್ಕಂಡ್ ತಿರುಗ್ತೀರಿ?” ಎಂದು ಒಮ್ಮೆ ಕೆಣಕಿದ. ತಾತ ಸುಮ್ಮನಿರುವವನೇ? “ನಿಂಗೆ ಇಂತಾ ಬಾಲ ಇಲ್ಲ ಅಂತ ವಟ್ಟೆಕಿಚ್ಚೇನ್ಲಾ?” ಎಂದ. ಮನೆಗೆ ಬರುವ ದಾರಿಯಲ್ಲಿ ಮಾತ್ರ ನನ್ನ ಕೈ ಬಿಡದೆ ಹಿಡಿದುಕೊಂಡಿದ್ದ. ಆಮೇಲೆ ಮೆಲ್ಲಗೆ ಹೇಳಿದ. “ಕಣ್ಣೋಯ್ತು ಅಂತ ಗೊತ್ತಾದ್ ದಿನ ಯಾರೂ ಕರಿಯಾಕಿಲ್ಲ ಮಗಾ. ಆಮ್ಯಾಕೆ ನಾನು ಜಗಲಿ ಮ್ಯಾಲಿನ ಗೋಣಿಚೀಲ.”

ಜ್ಯೇಷ್ಠ ಮಾಸದ ಕೊನೆಯಲ್ಲಿ ಮೇಷ್ಟ್ರು, ತಾತ, ನಾನು ಮೂವರೂ ಬೆಂಗಳೂರಿಗೆ ಬಸ್ಸು ಹತ್ತಿದೆವು. ಹಿರೀಸಾವೆಯಲ್ಲಿ ಕಾಫಿಗೆ ನಿಂತಾಗ ಮೇಷ್ಟ್ರು ಬೆಂಚಿನ ಮೇಲೆ ಚೆಲ್ಲಿದ ಕಾಫಿಯಲ್ಲೇ ಬೆರಳಾಡಿಸಿ ಗಾಳಿಗೆ ಎದುರಾಗಿ ದೋಣಿ ಹೇಗೆ ಹೋಗುತ್ತದೆಂದು ತಾತನಿಗೆ ವಿವರಿಸಿದರು. ನೇರವಾಗಿ ಹೋಗದು, ಅಡ್ಡಡ್ಡ ಹಾಯ್ದು ಮೇಲೇರಬೇಕು. ಕಾಣದ ಆ ಗೆರೆಗಳ ಮೇಲೆ ಮುಖ ಬಗ್ಗಿಸಿ ತಾತ ತಲೆದೂಗಿದ. “ದಿಣ್ಣೆ ಹತ್ತೋ ಗಾಡಿ ಇದ್ದಂಗೆ ಬುಡಿ” ಎಂದ. ಮೇಷ್ಟ್ರು ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. ಅವರ ಸಿಟ್ಟು ಅರ್ಧ ಇಳಿದದ್ದು ಅಲ್ಲೇ.

ಕ್ಲಬ್ಬಿನ ಹುಲ್ಲಿನ ಮೇಲೆ ಎರಡು ದೋಣಿಗಳೂ ಪಕ್ಕಪಕ್ಕ ಇದ್ದವು. ತಾತ ಮೊದಲು ದೊಡ್ಡದರ ಪಕ್ಕೆಗೆ ತಟ್ಟಿದ. “ಸಾಧು ಎಮ್ಮೆ. ವದೆಯಾಕೂ ಇಲ್ಲ, ಓಡಾಕೂ ಇಲ್ಲ.” ಆಮೇಲೆ ಚಿಕ್ಕದರ ಮೂತಿಯ ಮೇಲೆ ಕೈಯಿಟ್ಟ. ಅಂಗೈ ನಿಧಾನವಾಗಿ ಅದರ ಒಡಲಿನುದ್ದಕ್ಕೂ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ತಾತನ ಮುಖದಲ್ಲಿ ಹಾಗೆ ನಗು ಹರಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. “ಇದು ನಿಂತಿರುವಾಗ್ಲೇ ಓಡ್ತಾ ಅದಲ್ಲ ಮಗಾ!” ಎಂದ. ಆಮೇಲೆ ಮೇಷ್ಟ್ರ ಕಡೆ ತಿರುಗಿ “ಇದ್ನ ಯಾರು ಹೂಡೋರು?” ಎಂದು ಕೇಳಿದ. ಇಬ್ಬರು ಹಗುರವಾದ ಮಕ್ಕಳು ಎಂದು ಮೇಷ್ಟ್ರು ಹೇಳಿದರು. “ಸರಿಯಾಗದೆ. ಎಳೇ ಕೈಗೆ ಭಾರದ ದನ ಕೊಡಬಾರದು, ಎಳುದು ಎಳುದು ತೋಳು ಸೋತೋದ್ರೆ ಮಕ್ಕಳಿಗೆ ಬೇಜಾರಾಯ್ತದೆ” ಎಂದ ತಾತ. ಮೇಷ್ಟ್ರು ಅದೇ ಮಾತನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದರಂತೆ, ದಂಗಾಗಿ ನಿಂತರು. ಅವರ ಮನಸ್ಸೂ ಚಿಕ್ಕದರ ಮೇಲೇ ಇತ್ತು. ಹಾಯಿಗಳನ್ನು ನೋಡಿ ಬರುತ್ತೇನೆಂದು ಕ್ಲಬ್ಬಿನ ಕೋಣೆಯೊಳಕ್ಕೆ ಹೋದರು.

“ಒಳಕ್ಕೆ ನುಗ್ಗಿ ನೋಡು ಕೂಸೇ” ಎಂದ ತಾತ.

ದೋಣಿಯ ಮುಂಭಾಗಕ್ಕೆ ಹಲಗೆಯ ಮುಚ್ಚಿಗೆ ಇತ್ತು. ನನ್ನಷ್ಟು ಸಣ್ಣವರು ಮಾತ್ರ ಅದರಡಿಗೆ ತೆವಳಬಹುದು. ಒಳಗೆ ವಾರ್ನಿಷ್ ವಾಸನೆ, ಹಳೆಯ ನೀರಿನ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ತಳದ ಮರದಲ್ಲಿ ಒಂದು ಗೆರೆ ಕಂಡಿತು. ಒಂದು ಮೊಳ ಉದ್ದ, ಕೂದಲಿನಷ್ಟು ಸಣ್ಣ. ಹೊರಗಿನಿಂದ ಹೊಸ ಬಣ್ಣ ಬಳಿದು ಮುಚ್ಚಿದ್ದರು. ಉಗುರು ಇಟ್ಟೆ. ಉಗುರಿನ ತುದಿ ಒಳಗಿಳಿಯಿತು.

ಅಯ್ಯೋ ಶಿವನೇ, ಅಲ್ಲೇ ಮಲಗಿಬಿಡೋಣ ಅನ್ನಿಸಿತು. ಇದನ್ನು ಹೇಳಿದರೆ ತಾತ ತಲೆಯಾಡಿಸುತ್ತಾನೆ, ದೊಡ್ಡ ದೋಣಿ ಬರುತ್ತದೆ, ಐದು ಹುಡುಗರು ಹತ್ತುತ್ತಾರೆ, ನಾನು ಏರಿಯ ಮೇಲೆ ನಿಂತು ಕೈ ಬೀಸಬೇಕು. ಹೊರಗೆ ಬಂದೆ. ತಾತ ಟವೆಲ್ ಹಾಸಿಕೊಂಡು ಕಾಯುತ್ತಿದ್ದ. ನನ್ನ ಕೈ ಅದರೊಳಗೆ ಹೋಯಿತು, ಅವನ ತೋರುಬೆರಳನ್ನು ಅಮುಕಿತು. ತಾತ “ಇನ್ನೊಂದ್ಸಲ ಯೋಳು” ಎಂದ. ಎರಡನೇ ಸಲವೂ ತೋರುಬೆರಳನ್ನೇ ಅಮುಕಿದೆ. ತಾತ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ‘ಹೂಂ’ ಅಂದ.

ಹುಲ್ಲು ಹಾಸಿದ ಲಾರಿಯಲ್ಲಿ ದೋಣಿ ಊರಿಗೆ ಬಂದದ್ದು ಅಮಾವಾಸ್ಯೆಯ ದಿನ. ನಾಳೆಯೇ ಕೆರೆಗಿಳಿಸೋಣ ಎಂದರು ಮೇಷ್ಟ್ರು. ಹಿರಿಯರು ಬಾಯಿ ಬಾಯಿ ಬಡಿದುಕೊಂಡರು. “ನಾಳಿಂದ ಆಷಾಢ ಸಾ! ವಸಾ ಸೊಸೇನೇ ತವರಿಗೆ ಕಳಿಸೋ ತಿಂಗಳು. ಈಗ ವಸಾದ್ನ ನೀರಿಗ್ ಬುಡ್ತಾರಾ?” ಮೇಷ್ಟ್ರು ತಲೆ ತಲೆ ಚಚ್ಚಿಕೊಂಡು “ವರ್ಷದ ಗಾಳಿಯೆಲ್ಲ ಇರೋದೇ ಆಷಾಢದಲ್ಲಿ ಕಣ್ರೀ!” ಎಂದು ಕೂಗಿದರು. ಯಾರು ಕೇಳಬೇಕು? ಮಳೆಯಲ್ಲಿ ನೆನೆಯಬಾರದೆಂದು ದೋಣಿಯನ್ನು ನಮ್ಮ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ಹುಲ್ಲಿನ ಮೇಲೆ ಇರಿಸಿದರು. ಅಜ್ಜಿ ಶಿವಗಂಗಮ್ಮ ಅದರ ಮೂತಿಗೆ ಮೂರು ಬೆರಳಿನ ವಿಭೂತಿ ಎಳೆದು, ಹಗ್ಗ ತಂದು ಗೂಟಕ್ಕೆ ಕಟ್ಟಿದಳು. ಕೊಟ್ಟಿಗೆಗೆ ಬಂದದ್ದನ್ನು ಬಿಚ್ಚಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಮೇಷ್ಟ್ರು ಸಿಟ್ಟಿನಲ್ಲಿ ಆ ತಿಂಗಳು ನಮ್ಮ ಬೀದಿಗೇ ಕಾಲಿಡಲಿಲ್ಲ.

ಆ ತಿಂಗಳನ್ನು ನಾನು ಹೇಗೆ ಹೇಳಲಿ? ಹಗಲೆಲ್ಲ ಗಾಳಿ. ಹೆಂಚು ಕಟಕಟ ಎನ್ನುತ್ತಿತ್ತು, ಹಿತ್ತಲಿನ ಬಾಳೆಲೆಗಳು ಸೀಳಿ ಸೀಳಿ ಹಾರುತ್ತಿದ್ದವು. ಸಂಜೆ ನಾನು ಹೋಗಿ ದೋಣಿಯಲ್ಲಿ ಕೂರುತ್ತಿದ್ದೆ. ತಮ್ಮಯ್ಯ ಹಿತ್ತಲ ಬಾಗಿಲಿಂದ ಬಂದು ಚುಕ್ಕಾಣಿ ಹಿಡಿಯುತ್ತಿದ್ದ. ಮೊದಲ ದಿನ ಅಜ್ಜಿ ಗೊಣಗಿದ್ದಕ್ಕೆ ತಾತ “ನೀರಿನ ಇಚಾರದಲ್ಲಿ ನೀರುಗಂಟಿ ಮಗನೇ ಸರಿ, ಸುಮ್ಕಿರೇ” ಎಂದು ಬಾಯಿ ಮುಚ್ಚಿಸಿದ್ದ. ಕಣ್ಣು ಮುಚ್ಚಿದರೆ ಹುಲ್ಲು ಸರಸರ ಎನ್ನುವುದು ನೀರಾಗುತ್ತಿತ್ತು, ಪಕ್ಕದಲ್ಲಿ ಎತ್ತುಗಳು ಉಸಿರು ಬಿಡುವುದು ಅಲೆಯಾಗುತ್ತಿತ್ತು. “ಎಲ್ಲಿಗೆ ಓಗವಾ?” ಎನ್ನುವನು ತಮ್ಮಯ್ಯ. ಶಾಂತಿಗ್ರಾಮ ಅನ್ನುವೆ. ರಾಗಿ ಹೊಲಗಳ ಮೇಲೆ ಹಾಯುತ್ತಾ, ರಸ್ತೆಯ ಬಸ್ಸನ್ನು ಹಿಂದೆ ಹಾಕಿ ಶಾಂತಿಗ್ರಾಮ ದಾಟುತ್ತಿದ್ದೆವು. ಹಾಸನದ ಹೆಂಚಿನ ಮನೆಗಳ ಮೇಲೆ ನಮ್ಮ ಹಾಯಿಯ ನೆರಳು ಬಿದ್ದು ಹೋಗುತ್ತಿತ್ತು. ಅರಕಲಗೂಡಿನಲ್ಲಿ ಬಿಸಿಲು ಇಳಿದಿರುತ್ತಿತ್ತು. ಹೊಳೆನರಸೀಪುರದ ಹೊಳೆಗೆ ಬಂದಾಗ ಮಾತ್ರ ನಿಜವಾದ ನೀರು, ನಾನು ಕೈ ಅದ್ದಿ ಮುಖಕ್ಕೆ ತಣ್ಣಗೆ ಒರೆಸಿಕೊಳ್ಳುತ್ತಿದ್ದೆ. ಹರದನಹಳ್ಳಿಯ ಕಡೆಗೆ ತಿರುಗುವಷ್ಟರಲ್ಲಿ ಅಜ್ಜಿ ಹೊಗೆ ಹಾಕಲು ಬರುತ್ತಿದ್ದಳು.

ಆ ಹೊಗೆಯೇ ಕೆಡಿಸಿದ್ದು. ಸೊಳ್ಳೆ ಓಡಿಸಲು ದಿನಾ ಸಂಜೆ ಕೊಟ್ಟಿಗೆಯಲ್ಲಿ ಹೊಗೆ, ಮೇಲೆ ಬಿಡದ ಗಾಳಿ. ನೀರಿನಲ್ಲಿ ಇರಬೇಕಾದ ಮರ ಒಂದು ತಿಂಗಳು ಒಣಗಿತು. ನಾನು ಯಾರೂ ಇಲ್ಲದಾಗ ಮುಚ್ಚಿಗೆಯಡಿ ತೆವಳಿ ಉಗುರಿಟ್ಟು ನೋಡುತ್ತಿದ್ದೆ. ಎರಡನೇ ವಾರಕ್ಕೆ ಅರ್ಧ ಉಗುರು ಇಳಿಯಿತು. ಆಷಾಢ ಮುಗಿಯುವ ಹೊತ್ತಿಗೆ ಒಂದಾಣೆಯ ಅಂಚು ಹಿಡಿಸುತ್ತಿತ್ತು. ಪ್ರತಿದಿನ ಬೆಳಗ್ಗೆ ತಾತ ಎತ್ತುಗಳ ಮೈ ಸವರಿ, ಆಮೇಲೆ ದೋಣಿಯ ಮೈಯನ್ನೂ ಸವರಿ ಹೋಗುತ್ತಿದ್ದ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಮೂವತ್ತು ದಿನ ಕಳೆದೆ. ಹಾಳಾದ ಹೆದರಿಕೆ, ಬಾಯಿ ಬರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಊರಿಗೆ ಊರೇ ಏರಿಯ ಮೇಲೆ ಬಂದು ನಿಂತಿತು. ಹಿರೀಸಾವೆಯಿಂದ ರುದ್ರಯ್ಯನೂ ಬಂದಿದ್ದ. ಕಾಯಿ ಒಡೆದರು, ಹಾಯಿ ಏರಿಸಿದರು, ನಾವಿಬ್ಬರೂ ಹತ್ತಿದೆವು. ಹತ್ತು ಮಾರು ಹೋಗಿದ್ದೇವೋ ಇಲ್ಲವೋ, ನನ್ನ ಪಾದ ತಣ್ಣಗಾಯಿತು. ಆಮೇಲೆ ಕಾಲಿನ ಹರಡು, ಆಮೇಲೆ ಮೊಣಕಾಲು. ದೋಣಿ ಗದ್ದಲವಿಲ್ಲದೆ ಮೆಲ್ಲಗೆ ನಮ್ಮ ಕೆಳಗಿನಿಂದ ಇಳಿದು ಹೋಯಿತು. ಈಜಿ ದಡಕ್ಕೆ ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ದೋಣಿಯನ್ನು ಎಳೆದು ತಂದು ಮಗುಚಿದರು. ಮೇಷ್ಟ್ರು ತಳಕ್ಕೆ ಬೆರಳಿಟ್ಟು ನೋಡಿದರು. ಮುಖ ಕಪ್ಪಿಟ್ಟಿತು. “ಇದು ಇವತ್ತಿನದಲ್ಲ, ಹಳೇ ಬಿರುಕು. ಬಣ್ಣ ಬಳಿದಿದ್ದಾರೆ. ನಾನು ಹಾಯಿ ನೋಡ್ತಾ ಮೈ ಮರೆತೆ. ಒಳಗೆ ಇಣುಕಿದೋರು ಯಾರೂ ಇರಲಿಲ್ವಾ?” ಎಂದರು. ನಗು ನಿಂತಿತು. ರುದ್ರಯ್ಯ ಒಂದು ಹೆಜ್ಜೆ ಮುಂದೆ ಬಂದು ತಾತನ ಮುಖವನ್ನೇ ನೋಡಿದ.

ತಾತ ಕೋಲೂರಿ ಎದ್ದ. “ನಾನೇ ನೋಡ್ದೋನು. ನಂಗೆ ಕಣ್ ಕಾಣಾಕಿಲ್ಲ ಈಸ್ವರಯ್ಯೋರೇ. ಎರಡ್ ವರ್ಸಾತು. ಯಾರ್ಗೂ ಯೋಳ್ದೆ ಮುಚ್ಚಿಟ್ಕಂಡಿದ್ದೆ. ಈ ಕೂಸ್ನ ಕೇಳ್ಬೇಕಾಗಿತ್ತು, ಕೇಳ್ನಿಲ್ಲ. ತಪ್ಪು ನಂದು.”

ನಾನು ಅಲ್ಲೇ ಇದ್ದೆ, ಎರಡು ಮಾರು ದೂರದಲ್ಲಿ, ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೌದು, ಬಾಯಿ ಬಿಡಲಿಲ್ಲ. ಬಿಟ್ಟರೆ ಮೇಷ್ಟ್ರು ನನ್ನನ್ನು ದೋಣಿಯಿಂದ ತೆಗೆದುಹಾಕುತ್ತಾರೆ ಎಂದು ಹೆದರಿದೆ. ಅಷ್ಟು ಜನರ ಎದುರು ತಾತ ತನ್ನ ಮರ್ಯಾದೆಯನ್ನು ಬಿಚ್ಚಿ ಕೊಟ್ಟಾಗಲೂ ನಾನು ಯೋಚಿಸುತ್ತಿದ್ದದ್ದು ಆ ಎರಡಡಿ ಜಾಗವನ್ನು. ಇವತ್ತಿಗೂ ನೆನೆಸಿಕೊಂಡರೆ ಆ ಹುಡುಗಿಯ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ.

ಬಡಗಿಯೊಬ್ಬ ಬಂದು ನಾರು ರಾಳ ತುಂಬಿ, ತಗಡು ಹೊಡೆದು, ಒಂದು ವಾರದಲ್ಲಿ ಬಿರುಕು ಮುಚ್ಚಿದ. ಮೇಷ್ಟ್ರು ದೋಣಿಯನ್ನು ಕೆರೆಯಂಚಿನಲ್ಲೇ ಮುಳುಗಿಸಿಟ್ಟು ಒಣಗಿದ ಮರ ಉಬ್ಬಿ ಸಂದು ಮುಚ್ಚುವಂತೆ ನೆನೆಸಿದರು. ಆ ವಾರ ನಮ್ಮ ಜಗಲಿಗೆ ಯಾರೂ ಬರಲಿಲ್ಲ. ಪಕ್ಕದ ಬೀದಿಯವರು ತಾತನನ್ನು ಕೇಳದೆ ಒಂದು ಜೋಡಿ ಎತ್ತು ತಂದರು. ಗೆಜ್ಜೆ ಸದ್ದು ನಮ್ಮ ಬಾಗಿಲ ಮುಂದೆಯೇ ಹೋಯಿತು. ತಾತ ಆ ಸದ್ದು ತಿರುವು ದಾಟುವ ತನಕ ಕಿವಿಗೊಟ್ಟು, “ಎಡಗಡೇದು ಕುಂಟ್ತಾ ಅದೆ” ಎಂದು ತನಗೆ ತಾನೇ ಹೇಳಿಕೊಂಡ. ನನ್ನನ್ನು ಬೈಯಲಿಲ್ಲ, ಯಾಕೆ ಹಾಗೆ ಮಾಡಿದೆ ಎಂದೂ ಕೇಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಎರಡನೇ ಸಲ ದೋಣಿ ಇಳಿಸುವ ದಿನ ಏರಿಯ ಮೇಲೆ ಮೂವತ್ತು ನಲವತ್ತು ಜನವಿದ್ದರೇನೋ. ರುದ್ರಯ್ಯ ಮತ್ತೆ ಬಂದಿದ್ದ, ತಾತನ ಪಕ್ಕದಲ್ಲೇ ನಿಂತಿದ್ದ. ತಮ್ಮಯ್ಯ ನೀರಿನ ಮೇಲಿನ ಕಪ್ಪು ನೆರಳಿಗಾಗಿ ಕಾದ. ಅದು ಬಂತು. ಹಾಯಿ ಉಬ್ಬಿತು, ಹಗ್ಗ ನನ್ನ ಕೈಯಲ್ಲಿ ಬಿಗಿಯಾಯಿತು, ದೋಣಿ ಒಂದು ಪಕ್ಕಕ್ಕೆ ವಾಲಿ ಎದ್ದಿತು. ನಾನು ಹೊರಕ್ಕೆ ಬಾಗಿ ಕೂತೆ. ಆಮೇಲೆ ನೀರಿನ ಸದ್ದೇ ಬದಲಾಯಿತು, ತಳದಲ್ಲಿ ಯಾರೋ ಮೃದುವಾಗಿ ಹಾಡುತ್ತಿದ್ದ ಹಾಗೆ. ಏರಿ, ಹುಣಿಸೆ ಮರ, ತೂಬು, ಜನ, ಎಲ್ಲ ಹಿಂದಕ್ಕೆ ಹಿಂದಕ್ಕೆ ಜಾರಿದವು. ಕೊಟ್ಟಿಗೆಯಲ್ಲಿ ಕಂಡ ಯಾವ ಕನಸೂ ಇದರ ಕಾಲುಭಾಗವೂ ಇರಲಿಲ್ಲ. ನನಗೆ ಮೈ ಇದೆ ಎಂಬುದೇ ಮರೆತಿತ್ತು.

ತಿರುಗಿ ಏರಿಯ ಕಡೆ ನೋಡಿದೆ. ಎಲ್ಲರ ಮುಖ ನಮ್ಮ ಕಡೆಗಿತ್ತು. ತಾತನ ಮುಖ ಮಾತ್ರ ತೂಬಿನ ಕಡೆಗೆ. ನಾವು ಅಲ್ಲಿ ಇದ್ದೇವೆಂದುಕೊಂಡು ಖಾಲಿ ನೀರಿಗೆ ಮುಗುಳ್ನಗುತ್ತಾ ತಲೆದೂಗುತ್ತಿದ್ದ.

ನನ್ನಿಂದ ತಡೆಯಲಾಗಲಿಲ್ಲ. ಕೆರೆಯ ಮೇಲೆ ಆಡಿದ ಮಾತು ಏರಿಯಲ್ಲಿರುವವರಿಗೆಲ್ಲ ಕೇಳುತ್ತದೆ. ಗೊತ್ತಿದ್ದೇ ಕೂಗಿದೆ.

“ತಾತಾ! ಬಿರುಕು ನಾನು ನೋಡಿದ್ದೆ! ನೀನು ಕೇಳಿದ್ದೆ, ನಾನೇ ಸುಳ್ಳು ಹೇಳಿದ್ದೆ! ತಪ್ಪು ನಂದು ತಾತಾ!”

ತಮ್ಮಯ್ಯನ ಕೈ ಚುಕ್ಕಾಣಿಯಿಂದ ಜಾರಿತು. ಹಾಯಿ ಫಟಫಟನೆ ಬಡಿಯಿತು, ದೋಣಿ ತಿರುಗಿ ವಾಲತೊಡಗಿತು. ಏರಿಯ ಮೇಲೆ ಮೇಷ್ಟ್ರು ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರು. ತಾತನ ಮುಖ ತೂಬಿನಿಂದ ಮೆಲ್ಲಗೆ ತಿರುಗಿ, ನನ್ನ ದನಿ ಬಂದ ಕಡೆಗೆ ನೆಟ್ಟಿತು. ಉಳುವಾಗ ಎತ್ತು ಸಾಲು ತಪ್ಪಿದರೆ ಗದರುವ ದನಿಯಲ್ಲಿ ಕೂಗಿದ.

“ಅಗ್ಗ ಬುಡಬ್ಯಾಡ ಕಣೇ! ಎಳೀ!”

ಎಳೆದೆ. ಅಂಗೈ ಸುಲಿದು ಹೋಯಿತು, ಆದರೂ ಎಳೆದೆ. ತಮ್ಮಯ್ಯ ಚುಕ್ಕಾಣಿ ಹಿಡಿದ. ದೋಣಿ ಮೈ ಕೊಡವಿಕೊಂಡು ಎದ್ದು ಮತ್ತೆ ಗಾಳಿಗೆ ಸಿಕ್ಕಿತು. ನಾವು ಏರಿಯ ಹತ್ತಿರದಲ್ಲೇ ಹಾದು ಹೋಗುವಾಗ ಅಲ್ಲಿಯ ಮಾತು ಒಂದೂ ಬಿಡದೆ ಕೇಳಿಸಿತು. ತಾತ ಪಕ್ಕದಲ್ಲಿದ್ದ ರುದ್ರಯ್ಯನ ಭುಜ ಹಿಡಿದುಕೊಂಡಿದ್ದ.

“ಎಂಗೆ ಓಯ್ತಾ ಅದೆ ಯೋಳ್ಲಾ.”

ರುದ್ರಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. “ಒಂದ್ ಪಕ್ಕಕ್ ವಾಲ್ಕಂಡು ಓಯ್ತಾ ಅದೆ ಯಜಮಾನ್ರೇ. ನೀರು ಸೀಳ್ತಾ ಅದೆ. ಕೂಸು ವರಕ್ಕೆ ಬಗ್ಗಿ ಕುಂತವ್ಳೆ. ಅಳ್ತಾವ್ಳೆ.”

“ಅಳ್ಲಿ ಬುಡು. ಅಗ್ಗ ಬುಟ್ಟಿಲ್ವಲ್ಲ?”

“ಬುಟ್ಟಿಲ್ಲ.”